ವಾಷಿಂಗ್ ಮಷೀನಿನಲ್ಲಿ ನಿಮ್ಮಪ್ಪ

ಸೋಮವಾರ, ಬೆಳಿಗ್ಗೆ ಹನ್ನೊಂದು ಗಂಟೆ
ಅಡುಗೆಮನೆಯ ಮೇಜಿನಿಂದ

ಮೊಂಡಿ,

ಮೊದಲು ಬೈಗುಳ. ಆಶೀರ್ವಾದ ಕೊನೆಗೆ, ಅಷ್ಟು ಹೊತ್ತಿಗೆ ಏನಾದರೂ ಉಳಿದಿದ್ದರೆ.

ನಿನ್ನ ಲಕೋಟೆ ಹೋದ ಮಂಗಳವಾರ ಬಂತು. ಸಿನಿಮಾ ಕಂಪನಿಯವರ ಎರಡು ಪುಟದ ಕಾಗದ, ಅದಕ್ಕೆ ಪಿನ್ನು ಚುಚ್ಚಿದ ನಿನ್ನ ನಾಲ್ಕು ಸಾಲು. ಸಿನಿಮಾಕ್ಕೆ ರಬ್ಬರಿನ ತಲೆ ಮಾಡುವಾಗ ಅಚ್ಚುಗಳ ಕಪಾಟಿನಲ್ಲಿ ನಂಬರು ತಪ್ಪಿ ಅಪ್ಪನ ಮುಖದ ಅಚ್ಚು ಕೈಗೆ ಬಂತು, ಬಣ್ಣ ಹಚ್ಚಿದ ಮೇಲೆಯೇ ಗೊತ್ತಾಯಿತು, ಅಷ್ಟರಲ್ಲಿ ಶೂಟಿಂಗಿನವರು ಬಂದು ತಲೆ ಎತ್ತಿಕೊಂಡು ಹೋಗಿದ್ದರು ಎಂದು ಬರೆದಿದ್ದೀಯ. ಅಪ್ಪನ ಜೊತೆ ಬಸ್ ನಿಲ್ದಾಣದಲ್ಲಿ ಕೆಲಸ ಮಾಡಿದ ಯಾರೋ ಸಿನಿಮಾ ನೋಡಿ, ಕಿವಿಯ ಪೊದೆಗೂದಲಿನಿಂದ ಗುರುತು ಹಿಡಿದು ಕಂಪನಿಗೆ ಪತ್ರ ಹಾಕಿದ್ದಾರೆ. ಸತ್ತವನ ಮುಖ ಬಳಸಿದ್ದಕ್ಕೆ ಹೆಂಡತಿಯ ಒಪ್ಪಿಗೆ ಬೇಕು, ಇಲ್ಲದಿದ್ದರೆ ಆ ದೃಶ್ಯಕ್ಕೂ ಕತ್ತರಿ, ನಿನ್ನ ಕೆಲಸಕ್ಕೂ ಕತ್ತರಿ. ಅಡ್ಡಗೀಟು ಹಾಕಿದ ಕಡೆ ಸಹಿ ಹಾಕಿ ಕಳಿಸು ಅಮ್ಮ, ಸಿನಿಮಾ ನೋಡಲು ಮಾತ್ರ ಹೋಗಬೇಡ, ನಿನಗೆ ಅಸಹ್ಯವಾಗುತ್ತದೆ.

ಹೋಗಬೇಡ ಎಂದರೆ ಸುಮ್ಮನೆ ಮನೆಯಲ್ಲಿ ಕೂರುವವಳ ಹೊಟ್ಟೆಯಲ್ಲಿ ನೀನು ಹುಟ್ಟಿದ್ದೀಯೇನೇ?

ಆಮೇಲೆ ನೀನು ಹತ್ತು ಸಲ ಫೋನ್ ಮಾಡಿದೆ. ನಾನು ಬೇಕೆಂದೇ ಎತ್ತಲಿಲ್ಲ. ಫೋನಿನಲ್ಲಿ ನೀನು ಮೂಗು ಎಳೆದರೆ ಸಾಕು, ನಾನು ಬೈಯಬೇಕಾದ್ದನ್ನೆಲ್ಲ ಮರೆತು ಊಟ ಮಾಡಿದೆಯಾ ಎಂದು ಕೇಳುತ್ತೇನೆ. ಕಾಗದದಲ್ಲಾದರೆ ನೀನು ಅತ್ತರೂ ನನಗೆ ಕೇಳಿಸುವುದಿಲ್ಲ.

ಎಲ್ಲ ಕಡೆ ಬಿಡುವ ಮೊದಲು ಜನ ಹೇಗೆ ತೆಗೆದುಕೊಳ್ಳುತ್ತಾರೋ ನೋಡೋಣವೆಂದು ನಾಲ್ಕೈದು ಊರುಗಳಲ್ಲಿ ಮಾತ್ರ ಹಾಕಿದ್ದಾರಂತಲ್ಲ, ನಮ್ಮ ಊರಿನ ಪುಣ್ಯ, ಅದರಲ್ಲಿ ನಮ್ಮದೂ ಒಂದು. ಗುರುವಾರ ಮಧ್ಯಾಹ್ನದ ಆಟಕ್ಕೆ ಮೂಲೆಮನೆಯ ಟೀಚರನ್ನು ಕರೆದುಕೊಂಡು ಹೋದೆ. ಜಿರಲೆ ಕಂಡರೆ ಕುರ್ಚಿ ಹತ್ತುವ ಹೆಂಗಸು ಅವರು. ಸೀಟಿನಲ್ಲಿ ಕೂತ ತಕ್ಷಣ ಕರ್ಚೀಫು ಬಿಚ್ಚಿ ಕಣ್ಣಿಗೆ ಅಡ್ಡ ಹಿಡಿದುಕೊಂಡರು. ಆಮೇಲೆ ನೋಡಿದರೆ ಕರ್ಚೀಫಿನ ಒಂದು ಮೂಲೆ ಮಡಿಸಿ ಕಿಂಡಿ ಮಾಡಿಕೊಂಡಿದ್ದರು.

ನಿಮ್ಮ ಕೊಲೆಗಾರನ ವಿಷಯ ಹೇಳುತ್ತೇನೆ ಕೇಳು. ಜೇನು ಬಿಡಿಸುವವರ ಬಲೆ ಟೋಪಿ, ಕೈಯಲ್ಲಿ ಬೇಲಿ ಕತ್ತರಿಸುವ ಕತ್ತರಿ. ಮೊದಲನೆಯ ಭಾಗದಲ್ಲಿ ಅವನು ಸುಟ್ಟು ಬೂದಿಯಾದನೆಂದು ನೀನೇ ಹೇಳಿದ್ದೆ. ಎರಡನೆಯ ಭಾಗಕ್ಕೆ ಕೂದಲೂ ಕೊಂಕದೆ ಬಂದಿದ್ದಾನೆ. ಹೇಗೆ ಬಂದ ಎಂದು ಯಾರೂ ಕೇಳುವುದಿಲ್ಲ. ಒಂದು ಹಳೆಯ ಲಾಡ್ಜಿಗೆ ಬರುತ್ತಾನೆ, ಬಾಗಿಲಲ್ಲಿ ನಿಂತು ಕಾಲೊರಸಿನ ಮೇಲೆ ಎರಡೂ ಬೂಟು ಚೆನ್ನಾಗಿ ಒರಸಿಕೊಂಡು ಒಳಗೆ ಹೋಗುತ್ತಾನೆ. ಜನ ನಕ್ಕರು. ನನಗೆ ನಗು ಬರಲಿಲ್ಲ. ಪ್ಲಾಸ್ಟರು ಮೆತ್ತಿದ ಚಪ್ಪಲಿಯಲ್ಲಿ ನನ್ನ ಅಡುಗೆಮನೆಯವರೆಗೂ ಬರುತ್ತಿದ್ದ ನಿನಗಿಂತ ಆ ಕೊಲೆಗಾರನ ತಾಯಿ ವಾಸಿ, ಚೆನ್ನಾಗಿ ಬೆಳೆಸಿದ್ದಾಳೆ ಅಂದುಕೊಂಡೆ.

ಅಲ್ಲಿಂದ ಶುರುವಾಯಿತು ಹೇಸಿಗೆ. ಒಬ್ಬಳ ಕೈ ತುಂಡಾಗಿ ಮೆಟ್ಟಿಲ ಮೇಲೆ ಬಿದ್ದಿದೆ, ಆ ಕೈಯಲ್ಲಿ ಫೋನ್ ಹಾಗೇ ಇದೆ, ಫೋನ್ ಹೊಡೆದುಕೊಳ್ಳುತ್ತಿದೆ, ಮೇಲೆ 'ಅಮ್ಮ' ಎಂದು ಬರುತ್ತಿದೆ. ಐದು ಸಲ ಹೊಡೆದುಕೊಂಡಿತು. ಕೊಲೆಗಾರ ತಲೆ ಕೆಟ್ಟು, ಅದೇ ಕೈಯ ಬೆರಳಿನಿಂದ ಒತ್ತಿ ಕಟ್ ಮಾಡಿದ. ಥಿಯೇಟರಿನಲ್ಲಿ ಶಿಳ್ಳೆ! ಥೂ, ಇವರ ಮನೆ ಹಾಳಾಗ. ಆ ತಾಯಿ ಆಚೆ ಏನು ಅಂದುಕೊಂಡಳೋ ಎಂದು ಒಬ್ಬನಿಗಾದರೂ ಅನ್ನಿಸಬಾರದೇ? ಇನ್ನೊಂದು ಕಡೆ ಒಬ್ಬ ಹೆದರಿ ಬೀರುವಿನೊಳಗೆ ಅಡಗುತ್ತಾನೆ, ಅಲ್ಲಿ ಮೊದಲೇ ಒಬ್ಬ ಅಡಗಿದ್ದಾನೆ. ಇಬ್ಬರಿಗೂ ಜಾಗದ ಜಗಳ, ಅದೂ ಪಿಸುಮಾತಿನಲ್ಲಿ. ಕೊಲೆಗಾರ ಬಾಗಿಲು ತೆಗೆದು, ಸೊಂಟದ ಮೇಲೆ ಕೈಯಿಟ್ಟು, ಯಾರ ಕಡೆ ನ್ಯಾಯವಿದೆ ಎಂದು ಪೂರ್ತಿ ಕೇಳಿಸಿಕೊಂಡು ಆಮೇಲೆ ಇಬ್ಬರನ್ನೂ ಮುಗಿಸುತ್ತಾನೆ. ಟೀಚರು ಕರ್ಚೀಫು ಬಾಯಿಗೆ ತುರುಕಿಕೊಂಡು ನಕ್ಕರು. ಇಬ್ಬರ ಜಗಳ ಮೂರನೆಯವನಿಗೆ ಲಾಭ ಎಂದು ಪಾಠದ ಧಾಟಿಯಲ್ಲಿ ನನ್ನ ಕಿವಿಯಲ್ಲಿ ಹೇಳಿದರು. ಮೂವತ್ತು ವರ್ಷ ಮಕ್ಕಳಿಗೆ ನೀತಿ ಹೇಳಿದ ಬಾಯಿ ಅದು.

ಇನ್ನು ನಿಮ್ಮ ರಕ್ತ. ಅದನ್ನು ಯಾರು ಕಲಸುತ್ತಾರೋ ಅವರಿಗೆ ನನ್ನ ಕಡೆಯಿಂದ ಹೇಳು. ಆಸ್ಪತ್ರೆಯ ಲಾಂಡ್ರಿಯಲ್ಲಿ ಇಪ್ಪತ್ತೊಂಬತ್ತು ವರ್ಷ ಹಾಸಿಗೆ ಬಟ್ಟೆ ಒಗೆಸಿದವಳು ನಾನು. ರಕ್ತ ಅಷ್ಟು ಕೆಂಪಗೆ ಅಷ್ಟು ಹೊತ್ತು ಇರುವುದಿಲ್ಲ. ಅಂಚಿನಿಂದ ಕಂದಾಗುತ್ತಾ ಬರುತ್ತದೆ, ಬಟ್ಟೆ ಬಿರುಸಾಗುತ್ತದೆ, ಆಮೇಲೆ ಒಂದು ವಾಸನೆ. ನಿಮ್ಮ ಲಾಡ್ಜಿನ ಕೆಲಸದವಳು ರಕ್ತದ ಟವೆಲನ್ನು ಹೊಗೆಯಾಡುವ ಬಿಸಿನೀರಿಗೆ ಹಾಕುತ್ತಾಳೆ. ಬಿಸಿನೀರಿಗೆ ಹಾಕಿದರೆ ಕಲೆ ಅಲ್ಲೇ ಕಚ್ಚಿಕೊಂಡು ಕೂರುತ್ತದೆ, ಜನ್ಮದಲ್ಲಿ ಹೋಗುವುದಿಲ್ಲ. ತಣ್ಣೀರು, ಉಪ್ಪು, ಆಮೇಲೆ ಸೋಪು. ಇಷ್ಟು ಕೋಟಿ ಸುರಿಯುವವರು ಒಬ್ಬ ಒಗೆಯುವವಳನ್ನು ಕೇಳಬಾರದಿತ್ತೇ?

ಈಗ ಆ ದೃಶ್ಯ. ನೀನು ಕಾಯುತ್ತಿದ್ದೀಯ ಎಂದು ಗೊತ್ತು.

ಲಾಡ್ಜಿನಲ್ಲಿ ಒಬ್ಬ ಮುದುಕ ಇಳಿದುಕೊಂಡಿದ್ದಾನೆ. ಅವನ ಬೆನ್ನು ಮಾತ್ರ ತೋರಿಸುತ್ತಾರೆ, ಬದುಕಿದ್ದಷ್ಟು ಹೊತ್ತು ಮುಖ ತೋರಿಸುವುದಿಲ್ಲ. ಆ ಪಾತ್ರಕ್ಕೆ ನಟನಿಗೆ ಕೊಡುವ ದುಡ್ಡು ಉಳಿಸಿದ್ದಾರೆ ಎಂದು ನನಗೂ ತಿಳಿಯಿತು. ಅವನ ತಲೆಯನ್ನು ಕೊಲೆಗಾರ ಕೆಳಗಿನ ಲಾಂಡ್ರಿ ಕೋಣೆಗೆ ತಂದು ವಾಷಿಂಗ್ ಮಷೀನಿಗೆ ಹಾಕುತ್ತಾನೆ. ಮುಂದುಗಡೆ ದುಂಡು ಗಾಜಿನ ಬಾಗಿಲಿರುವ ದೊಡ್ಡ ಮಷೀನು. ಪುಡಿಯನ್ನು ಚಮಚದಲ್ಲಿ ಅಳೆದು ಹಾಕಿ, ಗುಂಡಿ ಒತ್ತಿ, ಹೊರಟುಹೋಗುತ್ತಾನೆ. ಎದುರಿಗೆ ಬೆಂಚಿನಲ್ಲಿ ಒಬ್ಬ ಹುಡುಗ ಚಡ್ಡಿಯಲ್ಲಿ ಕೂತು ತನ್ನ ಪ್ಯಾಂಟು ಒಣಗಲೆಂದು ಕಾಯುತ್ತಾ ಪೇಪರ್ ಓದುತ್ತಿದ್ದಾನೆ. ತಲೆ ಗಾಜಿನ ಆಚೆ ಒಂದು ಸುತ್ತು ಬಂತು, ಗಾಜಿಗೆ ಕೆನ್ನೆ ಒತ್ತಿ ಚಪ್ಪಟೆಯಾಗಿ ಮೇಲೆ ಹೋಯಿತು. ನೊರೆ ಕೆಂಪಾಯಿತು. ಹುಡುಗ ಪೇಪರ್ ಇಳಿಸದೆ ಓರೆಗಣ್ಣಿನಲ್ಲಿ ಆ ಬಣ್ಣ ನೋಡಿ, ಬಿಳಿ ಬಟ್ಟೆಯ ಜೊತೆ ಬಣ್ಣದ್ದು ಹಾಕಬಾರದು ಎಂದು ಎಷ್ಟು ಬಡಕೊಂಡರೂ ಈ ಜನಕ್ಕೆ ಬುದ್ಧಿ ಬರುವುದಿಲ್ಲ ಎಂದು ಗೊಣಗಿದ.

ಆಗ ನಾನು ನಕ್ಕೆ ಕಣೇ.

ಇಪ್ಪತ್ತೊಂಬತ್ತು ವರ್ಷ ನಾನು ವಾರ್ಡಿನವರಿಗೆ ಬಡಕೊಂಡ ಮಾತು ಅದು. ಪರದೆಯ ಮೇಲೆ ಕೇಳಿದ್ದೇ ತಡ, ಉಕ್ಕಿ ಬಂತು. ಎಲ್ಲರಿಗಿಂತ ಮುಂಚೆ ನಕ್ಕವಳು ನಾನೇ ಇರಬೇಕು, ಮುಂದಿನ ಸೀಟಿನವನು ತಿರುಗಿ ನೋಡಿದ. ಎರಡನೆಯ ಸುತ್ತಿಗೂ ನಕ್ಕೆ. ಮೂರನೆಯ ಸುತ್ತಿಗೆ ತಲೆ ಓರೆಯಾಗಿ ಬಂತು, ಎಡಗಿವಿ ಕಾಣಿಸಿತು, ಕಿವಿಯಲ್ಲಿ ಆ ಪೊದೆಗೂದಲು ಕಾಣಿಸಿತು. ನಿಮ್ಮಪ್ಪನ ಮುಖ ಬರುತ್ತದೆಂದು ತಿಳಿದೇ ಹೋಗಿದ್ದೆ ನಾನು. ಆದರೂ ಎರಡು ಸುತ್ತು ಗುರುತೇ ಸಿಗಲಿಲ್ಲ. ಯಾಕೆ ಸಿಗಲಿಲ್ಲ ಎಂದು ಆಮೇಲೆ ಹೊಳೆಯಿತು. ನಾನು ಹುಡುಕುತ್ತಿದ್ದದ್ದು ಹಲ್ಲಿರುವ ಮುಖವನ್ನು.

ಅಲ್ಲಿಂದೆದ್ದು ಹೊರಗೆ ಹೋಗಿ ಕೈತೊಳೆಯುವ ತೊಟ್ಟಿಯಲ್ಲಿ ವಾಂತಿ ಮಾಡಿದೆ. ನಿನ್ನ ಮೇಲೆ ಹೇಸಿಗೆ, ಆ ಜನರ ಮೇಲೆ ಹೇಸಿಗೆ, ಎಲ್ಲಕ್ಕಿಂತ ನನ್ನ ಬಾಯಿಯ ಮೇಲೆ ಹೇಸಿಗೆ.

ಈಗ ನೀನು ಹೇಳಿದ ಸುಳ್ಳಿಗೆ ಬರೋಣ.

ಆರು ವರ್ಷದ ಹಿಂದೆ, ನೀನು ಆ ವರ್ಕ್‌ಶಾಪಿಗೆ ಹೊಸದಾಗಿ ಸೇರಿದ್ದಾಗ, ಕೈ ಪಳಗಿಸಿಕೊಳ್ಳಬೇಕೆಂದು ನಿಮ್ಮಪ್ಪನನ್ನು ಕೂರಿಸಿ ಮುಖದ ಅಚ್ಚು ತೆಗೆದೆ. ಮೂಗಿಗೆ ಎರಡು ಕೊಳವೆ, ಮುಖದ ತುಂಬ ಪ್ಲಾಸ್ಟರು. ಹಲ್ಲಿನ ಸೆಟ್ಟು ತೆಗೆದಿಟ್ಟು ಕೂರಬೇಕು ಎಂದು ನಿಮ್ಮ ಮೇಸ್ತ್ರಿ ಹೇಳಿದನಂತೆ. ಇವರು ಒಪ್ಪಲಿಲ್ಲ. ಅವತ್ತು ಸಂಜೆ ಗೆದ್ದವರ ಹಾಗೆ ಮನೆಗೆ ಬಂದು ನನಗೆ ಹೇಳಿದ ಮಾತು ಇನ್ನೂ ಕಿವಿಯಲ್ಲಿದೆ: "ಪ್ರಾಣ ಬೇಕಾದ್ರೆ ತಗೋ, ಹಲ್ಲು ಕೊಡಲ್ಲ ಅಂದೆ ಕಣೇ."

ಅವರ ಹಲ್ಲಿನ ಕಥೆ ನಿನಗೆ ಅರ್ಧ ಮಾತ್ರ ಗೊತ್ತು. ನಲವತ್ತೆಂಟಕ್ಕೇ ವಸಡು ಕೆಟ್ಟು ಒಂದೂ ಉಳಿಯಲಿಲ್ಲ. ದಿನಕ್ಕೆ ಹನ್ನೆರಡು ಸಾವಿರ ಜನ ಓಡಾಡುವ ಬಸ್ ನಿಲ್ದಾಣದಲ್ಲಿ ಮೈಕಿನ ಮುಂದೆ ಕೂತು ಯಾವ ಬಸ್ಸು ಎಲ್ಲಿ ನಿಂತಿದೆ, ಎಷ್ಟು ಹೊತ್ತಿಗೆ ಹೊರಡುತ್ತದೆ ಎಂದು ಹೇಳುವ ಕೆಲಸ. ಸೆಟ್ಟಿಲ್ಲದಿದ್ದರೆ ಬಾಯಿಂದ ಬರೀ ಗಾಳಿ. ಸೆಟ್ಟು ಹಾಕಿಸಿದ ಮೇಲೆ ದೀಪ ಆರಿಸದೆ ಅದನ್ನು ತೆಗೆದವರೇ ಅಲ್ಲ. ತೆಗೆದ ಮೇಲೆ ಗೋಡೆಯ ಕಡೆ ತಿರುಗಿಯೇ ಮಾತಾಡುವುದು. ನಾನು ಅವರ ಹೆಂಡತಿ, ನನಗೇ ಆ ಮುಖ ಪೂರ್ತಿ ತೋರಿಸಲು ಒಂದು ವರ್ಷ ಹಿಡಿಯಿತು. ಬೆಳಗಿನ ಜಾವ ಅವರು ಮೈಮರೆತು ಮಲಗಿದ್ದಾಗ ನೋಡುತ್ತಿದ್ದೆ. ಕೆನ್ನೆ ಒಳಗೆ ಹೋಗಿ, ಗದ್ದ ಮೇಲೆ ಬಂದು, ಯಾವುದೋ ಹಟ ಹಿಡಿದ ಮಗುವಿನ ಹಾಗೆ ಕಾಣುತ್ತಿದ್ದರು. ನಿನಗೂ ಅವರು ತೋರಿಸಲಿಲ್ಲ.

ಹಾಗಾದರೆ ಕಪಾಟಿನಲ್ಲಿರುವ ಅಚ್ಚಿನಲ್ಲಿ ಹಲ್ಲಿದೆ. ಸಿನಿಮಾದ ತಲೆಯಲ್ಲಿ ಹಲ್ಲಿಲ್ಲ. ನಂಬರು ತಪ್ಪಿತು ಎಂದು ಯಾರಿಗೆ ಹೇಳುತ್ತೀಯೇ? ಅಚ್ಚಿನಿಂದ ಮುಖ ತೆಗೆದುಕೊಂಡು, ಕೂತು, ಕೆನ್ನೆಯನ್ನು ನಿನ್ನ ಕೈಯಾರೆ ಒಳಗೆ ಒತ್ತಿದ್ದೀಯ. ತುಟಿಯ ನೆರಿಗೆ ಒಂದೊಂದಾಗಿ ಎಳೆದಿದ್ದೀಯ. ಕಣ್ಣಿನ ಕೆಳಗಿನ ಆ ಗುಳಿ ಬಂದದ್ದು ಆಸ್ಪತ್ರೆಯ ಕೊನೆಯ ತಿಂಗಳಿನಲ್ಲಿ, ಅದನ್ನೂ ಬಿಟ್ಟಿಲ್ಲ. ತಪ್ಪಿ ಕೈಗೆ ಬಂದ ಮುಖಕ್ಕೆ ಇಷ್ಟು ಕೆಲಸ ಯಾರೂ ಮಾಡುವುದಿಲ್ಲ.

ಎಲ್ಲಿ ನೋಡಿದೆ ಎಂದು ಎರಡು ದಿನ ಲೆಕ್ಕ ಹಾಕಿದೆ. ನೀನು ಅವರನ್ನು ಹಾಗೆ ನೋಡಿದ್ದು ಒಂದೇ ಸಲ. ಎಂಟು ತಿಂಗಳ ಹಿಂದೆ, ಎಲ್ಲ ಮುಗಿದ ಮೇಲೆ ನೀನು ಓಡಿ ಬಂದೆಯಲ್ಲ, ಆ ಕೋಣೆಯಲ್ಲಿ ಹತ್ತು ನಿಮಿಷ ಒಬ್ಬಳೇ ಇರುತ್ತೇನೆ ಎಂದೆಯಲ್ಲ, ಅವತ್ತು. ನಾನು ಕೌಂಟರಿನ ಕಾಗದಗಳಿಗೆ ಸಹಿ ಹಾಕಿ ಬಂದು ಬಾಗಿಲಿನ ಗಾಜಿನಿಂದ ನೋಡಿದೆ. ನೀನು ಬಗ್ಗಿ, ಹೆಬ್ಬೆರಳಿನಿಂದ ಅವರ ಕೆನ್ನೆ ಒತ್ತುತ್ತಿದ್ದೆ, ಒಮ್ಮೆ ಈ ಕಡೆ, ಒಮ್ಮೆ ಆ ಕಡೆ. ಪಾಪ, ಮಗು ಮುದ್ದು ಮಾಡುತ್ತಿದೆ ಎಂದು ನನಗೆ ಕರುಳು ಕಿತ್ತು ಬಂತು, ಒಳಗೆ ಬರದೆ ಆಚೆಯೇ ನಿಂತೆ. ನೀನು ಅಳತೆ ತೆಗೆದುಕೊಳ್ಳುತ್ತಿದ್ದೆ! ಛೀ! ಹೆತ್ತ ಅಪ್ಪ ಇನ್ನೂ ಪೂರ್ತಿ ತಣ್ಣಗಾಗಿರಲಿಲ್ಲ, ನೀನು ಎಷ್ಟು ಆಳ, ಎಷ್ಟು ಅಗಲ ಎಂದು ನೋಡುತ್ತಿದ್ದೆ. ಅದನ್ನು ನೆನೆಸಿಕೊಂಡು ಶುಕ್ರವಾರ ನಾನು ಒಂದು ತುತ್ತು ತಿನ್ನಲಿಲ್ಲ. ಇಂಥವಳನ್ನು ಹೆತ್ತೆನಲ್ಲಾ ಅಂದುಕೊಂಡೆ. ಇನ್ನು ಈ ಮನೆಯ ಹೊಸಿಲು ತುಳಿಯಬೇಡ ಎಂದು ಬರೆಯಲು ಪೆನ್ನೂ ಹಿಡಿದಿದ್ದೆ.

ಆದರೆ ಒಂದು ಮಾತು ಹೇಳದೆ ಹೋದರೆ ನಾನೂ ನಿನ್ನಷ್ಟೇ ಸುಳ್ಳಿ ಆಗುತ್ತೇನೆ.

ಅವರು ಹೋದದ್ದು ಬೆಳಿಗ್ಗೆ ಆರೂಕಾಲಿಗೆ. ಪಕ್ಕದಲ್ಲಿ ನಾನಿದ್ದೆ. ಕೊನೆಯಲ್ಲಿ ಸ್ವಲ್ಪ ರಕ್ತ ಕಾರಿಕೊಂಡರು. ನರ್ಸು ಬಂದು ಮುಗಿಯಿತು ಎಂದಾಗ ನಾನು ಮೊದಲು ಮಾಡಿದ ಕೆಲಸ ಯಾವುದು ಗೊತ್ತೇ? ದಿಂಬಿನ ಬಟ್ಟೆ ಎಳೆದು ಕಲೆ ನೋಡಿದೆ. ಬಿಸಿನೀರಿಗೆ ಹಾಕಬೇಡಿ ಎಂದು ವಾರ್ಡಿನವಳಿಗೆ ಹೇಳಿದೆ. ಅಳುವುದಕ್ಕಿಂತ ಮುಂಚೆ ಹೇಳಿದೆ. ಗಂಡ ಸತ್ತ ಗಳಿಗೆಯಲ್ಲಿ ನನ್ನ ಬಾಯಿಂದ ಬಂದ ಮೊದಲ ಮಾತು ಅದು. ಆ ಹುಡುಗಿ ನನ್ನ ಮುಖವನ್ನೇ ನೋಡಿದಳು, ಇವಳು ಹೆಂಗಸೋ ಕಲ್ಲೋ ಎನ್ನುವ ಹಾಗೆ. ನಾನು ನಿನ್ನನ್ನು ಗುರುವಾರದಿಂದ ಹಾಗೇ ನೋಡುತ್ತಿದ್ದೇನೆ. ತಾಯಿಯಂತೆ ಮಗಳು, ನೂಲಿನಂತೆ ಸೀರೆ ಎಂದು ಸುಮ್ಮನೆ ಹೇಳಿದರೇ? ಯಾವ ಬಾಯಲ್ಲಿ ನಿನ್ನನ್ನು ಬೈಯಲಿ ಹೇಳು.

ಇನ್ನೂ ಇದೆ. ಇದನ್ನು ನಾನು ಎಂಟು ತಿಂಗಳಿಂದ ನುಂಗಿಕೊಂಡಿದ್ದೇನೆ. ಆ ಕೊನೆಯ ತಿಂಗಳು ನೀನು ಮೂರು ಸಲ ಫೋನ್ ಮಾಡಿ, ಬರಲಾ ಅಮ್ಮ ಎಂದು ಕೇಳಿದೆ. ಗಾಬರಿಯಾಗುವಂಥದ್ದೇನಿಲ್ಲ, ಕೆಲಸ ಮುಗಿಸಿಕೊಂಡು ನಿಧಾನವಾಗಿ ಬಾ ಎಂದೆ ನಾನು. ಡಾಕ್ಟರು ಅಷ್ಟು ಹೊತ್ತಿಗೆ ಕೈ ಚೆಲ್ಲಿ ಒಂದು ವಾರವಾಗಿತ್ತು. ಅಪ್ಪನ ಕಡೆಗಾಲಕ್ಕೆ ಬರಲಿಲ್ಲ ಎಂದು ನೀನು ನನ್ನ ಮಡಿಲಲ್ಲಿ ಬಿದ್ದು ಅತ್ತಾಗಲೂ, ಹೋಗಲಿ ಬಿಡು, ನಿನಗೇನು ಗೊತ್ತಿತ್ತು ಎಂದು ತಲೆ ಸವರಿದೆ. ನಿನಗೆ ಗೊತ್ತಾಗದ ಹಾಗೆ ಮಾಡಿದವಳು ನಾನೇ.

ಅವರೇ ಬೇಡವೆಂದರು. ವಸಡು ಕುಗ್ಗಿ ಸೆಟ್ಟು ನಿಲ್ಲುತ್ತಿರಲಿಲ್ಲ, ಗಂಟಲಿಗೆ ಜಾರಿದರೆ ಕಷ್ಟವೆಂದು ನರ್ಸುಗಳು ತೆಗೆದು ಡಬ್ಬಿಯಲ್ಲಿ ಹಾಕಿಟ್ಟಿದ್ದರು. ನೀನು ಫೋನ್ ಮಾಡಿದಾಗೆಲ್ಲ ಹೊದಿಕೆ ಬಾಯಿಯವರೆಗೆ ಎಳೆದುಕೊಂಡು ನನ್ನ ಕೈ ಹಿಡಿಯುತ್ತಿದ್ದರು. ಮಾತು ಸ್ಪಷ್ಟವಿರಲಿಲ್ಲ, ನನಗೆ ಮಾತ್ರ ತಿಳಿಯುತ್ತಿತ್ತು. "ಅವಳಿಗೆ ಹೀಗೆ ತೋರಿಸ್ಬೇಡ ಕಣೇ. ನಮ್ಮಪ್ಪ ಚೆನ್ನಾಗಿದ್ರು ಅಂದ್ಕೊಂಡಿರ್ಲಿ." ನಾನು ಹೂಂ ಎಂದೆ. ಗಂಡನ ಮಾನ ಉಳಿಸಲು ಹೋಗಿ ನಿನ್ನಿಂದ ಒಂದು ತಿಂಗಳು ಕಿತ್ತುಕೊಂಡೆ. ಅದಕ್ಕೇ ನಿನಗೆ ಉಳಿದದ್ದು ಹತ್ತು ನಿಮಿಷ. ಆ ಹತ್ತು ನಿಮಿಷದಲ್ಲಿ ಕಣ್ಣಿಗೆ ಆಗದ್ದನ್ನು ಕೈಯಲ್ಲಿ ತುಂಬಿಕೊಂಡಿದ್ದೀಯ ಎಂದು ನನಗೆ ಈಗ ಅನ್ನಿಸುತ್ತಿದೆ. ನಿನಗೆ ಬರುವುದು ಅದೊಂದೇ ತಾನೇ.

ಆದರೂ ಅದನ್ನು ಮಷೀನಿಗೆ ಹಾಕಲು ಯಾಕೆ ಕೊಟ್ಟೆಯೇ? ಮಾಡಿದ್ದನ್ನು ನಿನ್ನ ಕೋಣೆಯಲ್ಲಿ ಇಟ್ಟುಕೊಳ್ಳಬಾರದಿತ್ತೇ? ಕೊಡಬೇಕಾದ ದಿನ ಬಂತು, ಕಪಾಟಿನಲ್ಲಿ ಬೇರೆ ತಲೆ ಸಿದ್ಧವಿರಲಿಲ್ಲ, ಮೇಸ್ತ್ರಿ ಕೂಗಾಡಿದ, ಇದನ್ನೇ ಎತ್ತಿ ಕೊಟ್ಟೆ. ಇಷ್ಟೇ ಆಗಿರುತ್ತದೆ. ನಿನ್ನ ಬಾಯಿಂದ ಕೇಳುತ್ತೇನೆ, ಬರೆಯಬೇಡ, ಬಂದು ಹೇಳು.

ಕಾಗದಕ್ಕೆ ಸಹಿ ಹಾಕಿದ್ದೇನೆ. ಎರಡು ಪುಟಕ್ಕೂ ಹಾಕಿದ್ದೇನೆ, ಅಡ್ಡಗೀಟಿನ ಮೇಲೆಯೇ. ನಿನ್ನ ಹೊಟ್ಟೆಯ ಮೇಲೆ ಹೊಡೆಯಬಾರದು ಎಂಬ ಒಂದೇ ಕಾರಣಕ್ಕೆ ಹಾಕಿದ್ದೇನೆ, ಕ್ಷಮಿಸಿದ್ದೇನೆ ಎಂದು ಹಿಗ್ಗಬೇಡ. ಟೀಚರು ಇವತ್ತಿಗೂ ಆ ಮುಖ ಯಾರದು ಎಂದು ಹಿಡಿದಿಲ್ಲ. ಇಷ್ಟು ವರ್ಷ ಬೇಲಿಯ ಆಚೆಯಿಂದ ಮಾತಾಡಿಸಿದವರಿಗೇ ಗುರುತಾಗಲಿಲ್ಲ, ಹಾಗಾಗಿ ಮಾನ ಹೋಯಿತು ಎಂದು ನಾನೇನೂ ಕೊರಗುತ್ತಿಲ್ಲ. ಆ ಸಿನಿಮಾ ಗಬ್ಬು. ಮೂರನೆಯ ಭಾಗ ತೆಗೆಯುತ್ತಾರಂತೆ, ಅದರಲ್ಲಿ ನೀನು ಕೈ ಹಾಕಿದೆಯೋ, ಜೋಕೆ.

ಬರುವಾಗ ಚಪ್ಪಲಿ ಆಚೆ ಬಿಟ್ಟು ಬಾ. ಚೆನ್ನಾಗಿರು. ಆಶೀರ್ವಾದ ಸ್ವಲ್ಪ ಉಳಿದಿತ್ತು.

ಇನ್ನೂ ಸಿಟ್ಟು ಇಳಿಯದ
ನಿನ್ನ ಅಮ್ಮ

ಮರೆತಿದ್ದು: ಸಂಜೆ ಆರು ಗಂಟೆ. ಲಕೋಟೆ ಅಂಟಿಸಿದ್ದೆ, ಮತ್ತೆ ಬಿಚ್ಚಿದ್ದೇನೆ. ನಿನ್ನ ಕೆಲಸ ಉಳಿಯಲಿ ಎಂಬ ಒಂದೇ ಕಾರಣಕ್ಕೆ ಸಹಿ ಹಾಕಿದೆ ಎಂದು ಬರೆದಿದ್ದೆನಲ್ಲ, ಅದು ನಿಜವಲ್ಲ. ಗುರುವಾರದಿಂದ ಇವತ್ತಿನವರೆಗೆ ನಾನು ಒಂದು ದಿನವೂ ತಪ್ಪಿಸಿಲ್ಲ. ಟೀಚರಿಗೂ ಹೇಳದೆ ಹೋಗುತ್ತೇನೆ. ಅರ್ಧ ಆಟ ಆದಮೇಲೆ ಒಳಗೆ ಹೋಗಿ, ಮಷೀನಿನ ದೃಶ್ಯ ನೋಡಿ ಎದ್ದು ಬರುತ್ತೇನೆ. ಮನೆಯಲ್ಲಿರುವ ಫೋಟೋಗಳಲ್ಲೆಲ್ಲ ಅವರು ಹಲ್ಲು ಹಾಕಿಕೊಂಡೇ ಇದ್ದಾರೆ. ಹದಿನೇಳು ವರ್ಷ ನನ್ನ ಪಕ್ಕ ಮಲಗಿದ್ದ ಮುಖ ಒಂದರಲ್ಲೂ ಇಲ್ಲ. ಆ ದೃಶ್ಯ ಕತ್ತರಿಸಿಬಿಟ್ಟರೆ ನಾನು ಎಲ್ಲಿಗೆ ಹೋಗಿ ನೋಡಲಿ? ಇವತ್ತು ಮಧ್ಯಾಹ್ನ ಇಡೀ ಥಿಯೇಟರಿನಲ್ಲಿ ನಾನೊಬ್ಬಳೇ. ಅವರು ಗಾಜಿನ ಆಚೆ ಸುತ್ತಿ ಸುತ್ತಿ ಬಂದರು, ಆ ಹುಡುಗ ತನ್ನ ಮಾತು ಹೇಳಿದ, ನಗಲು ಇನ್ನೊಬ್ಬರಿರಲಿಲ್ಲ. ಮೈಕಿನಲ್ಲಿ ಹೇಳಿದ್ದನ್ನು ಜನ ಕಿವಿಗೆ ಹಾಕಿಕೊಳ್ಳದಿದ್ದರೆ ನಿಮ್ಮಪ್ಪ ಎಷ್ಟು ಬೇಜಾರು ಮಾಡಿಕೊಳ್ಳುತ್ತಿದ್ದರು ಎಂದು ನಿನಗೇ ಗೊತ್ತು. ಅದಕ್ಕೇ ನಾನೇ ಜೋರಾಗಿ ನಕ್ಕೆ.